ಓದಿಸಿ ಕೇಳಿ

ಸರ್ವೆ ನಂಬರ್ 118 ಅಂತ ಬರೆಯಬೇಕಿದ್ದ ಕಡೆ 113 ಅಂತ ಬರೆದಿದ್ದೆ. ಮುಳಬಾಗಿಲಿನಲ್ಲಿ ಜಮೀನಿನ ಪತ್ರ ಬರೆಯಲು ಕೂತು ಆಗಲೇ ಇಪ್ಪತ್ತನಾಲ್ಕು ವರ್ಷ ಕಳೆದಿತ್ತು. ಅಂಥ ತಪ್ಪು ಒಂದು ಸಲವೂ ಆಗಿರಲಿಲ್ಲ. ಕ್ರಯಪತ್ರ ನೋಂದಣಿಯಾಗಿ ಖಾತೆ ಬದಲಾವಣೆಗೆ ಹೋದಾಗ ಗೊತ್ತಾಯಿತು. ಕೊಂಡವರನ್ನೂ ಮಾರಿದವರನ್ನೂ ಮತ್ತೆ ಕರೆಸಿ, ಕೈಯಿಂದಲೇ ಖರ್ಚು ಹಾಕಿ, ತಿದ್ದುಪಡಿ ಪತ್ರ ಮಾಡಿಸಿಕೊಟ್ಟೆ. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ಅದಕ್ಕೆ ಮುಂಚೆಯೇ ಸೂಚನೆಗಳಿದ್ದವು. ಬಾಗಿಲ ಪಕ್ಕದಲ್ಲಿ ನಿಂತವರು ಕಾಣುತ್ತಿರಲಿಲ್ಲ. ಬೀದಿಯಲ್ಲಿ ನಡೆಯುವಾಗ ಬದಿಯಿಂದ ಬರುವ ಸ್ಕೂಟರ್ ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಂತ ಹಾಗೆ ಆಗುತ್ತಿತ್ತು. ಕನ್ನಡಕದ ನಂಬರ್ ಜಾಸ್ತಿಯಾಗಿರಬೇಕು ಅಂದುಕೊಂಡು ಎರಡು ಸಲ ಗಾಜು ಬದಲಾಯಿಸಿದ್ದೆ. ಆಮೇಲೆ ಬೆಂಗಳೂರಿನಲ್ಲಿ ತೋರಿಸಿದಾಗ ಗ್ಲಾಕೋಮಾ ಅಂದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಕಣ್ಣಿನ ನರ ಸವೆಯುತ್ತಾ ಬಂದಿತ್ತು. ನನಗೆ ಬಂದ ಬಗೆಯಲ್ಲಿ ನೋವಿಲ್ಲ, ಕೆಂಪಾಗುವುದಿಲ್ಲ. ಪಕ್ಕದ ನೋಟ ಮೊದಲು ಹೋಗುತ್ತದೆ, ನೇರ ನೋಟ ಕೊನೆಗೆ. ಹೋದದ್ದು ವಾಪಸ್ ಬರುವುದಿಲ್ಲ. ನಮ್ಮ ಅಮ್ಮನಿಗೂ ಕೊನೆಗಾಲದಲ್ಲಿ ಕಾಣುತ್ತಿರಲಿಲ್ಲ, ವಯಸ್ಸಾಯಿತು ಅಂತ ಸುಮ್ಮನಿದ್ದೆವು. ಈ ಕಾಯಿಲೆ ಮನೆತನದಲ್ಲಿ ಬರುತ್ತದೆ ಅಂತ ಡಾಕ್ಟರ್ ಹೇಳಿದ ಮೇಲೆ ತಮ್ಮನನ್ನೂ ತಂಗಿಯನ್ನೂ ಎಳೆದುಕೊಂಡು ಹೋಗಿ ಒತ್ತಡ ನೋಡಿಸಿದೆ. ನಲವತ್ತು ದಾಟಿದವರು ದಯವಿಟ್ಟು ಒಂದು ಸಲ ನೋಡಿಸಿಕೊಳ್ಳಿ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡುತ್ತಾರಲ್ಲ, ಅದಷ್ಟೇ ಸಾಲದು.

ಆಪರೇಷನ್ ಆಯಿತು, ಡ್ರಾಪ್ಸ್ ಆಯಿತು. ಎರಡು ವರ್ಷದಲ್ಲಿ ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಲ್ಲಿ ಬೆಳಕು ಕತ್ತಲೆ ತಿಳಿಯುತ್ತದೆ, ಎದುರಿಗಿರುವವರ ಅಂದಾಜು ಸಿಗುತ್ತದೆ. ಅಕ್ಷರ ಕಾಣುವುದಿಲ್ಲ.

ಆರು ತಿಂಗಳು ಮನೆಯಲ್ಲಿ ಕೂತೆ. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ನಮ್ಮ ಮನೆಯವಳು ಬೆಳಿಗ್ಗೆ ಪೇಪರ್ ಓದಿ ಹೇಳುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಬಂದು ಓದುವಾಗ ಅವಳ ಗಮನ ಅಲ್ಲಿರುತ್ತಿತ್ತು, ನನ್ನ ಗಮನ ಅವಳ ಮೇಲಿರುತ್ತಿತ್ತು. ಎರಡನೇ ಸಲ ಓದು ಅಂತ ಹೇಳಲು ಬಾಯಿ ಬರುತ್ತಿರಲಿಲ್ಲ.

ಕೋಲಾರದ ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಒಂದು ಭಾನುವಾರ ನನ್ನ ಫೋನ್ ತೆಗೆದುಕೊಂಡು ಟಾಕ್‌ಬ್ಯಾಕ್ ಆನ್ ಮಾಡಿದಳು. ಆಂಡ್ರಾಯ್ಡ್ ಫೋನಿನಲ್ಲಿ ಅದು ಇದ್ದೇ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಧ್ವನಿಯನ್ನೂ ಆರಿಸಿದಳು. ಪರದೆಯ ಮೇಲೆ ಬೆರಳಿಟ್ಟರೆ ಅಲ್ಲಿ ಏನಿದೆ ಅಂತ ಹೇಳುತ್ತದೆ. ಎರಡು ಸಲ ತಟ್ಟಿದರೆ ಅದು ತೆರೆಯುತ್ತದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ಹೇಳುವುದಕ್ಕೆ ಇಷ್ಟೇ. ಮೊದಲ ವಾರ ಬಂದ ಫೋನ್ ಎತ್ತಲೂ ಆಗಲಿಲ್ಲ. ರಿಂಗ್ ಆಗುತ್ತಿರುತ್ತದೆ, ಒಂದು ಕಡೆ ಧ್ವನಿ ಏನೋ ಹೇಳುತ್ತಿರುತ್ತದೆ, ಬೆರಳು ಎಲ್ಲೆಲ್ಲೋ ಹೋಗುತ್ತದೆ, ಅಷ್ಟರಲ್ಲಿ ಕಟ್. ಎರಡು ಬೆರಳಿಂದ ಪರದೆಯ ಮೇಲೆ ಎಲ್ಲಿ ಬೇಕಾದರೂ ಎರಡು ಸಲ ತಟ್ಟಿದರೆ ಕರೆ ಎತ್ತಬಹುದು ಅಂತ ಗೊತ್ತಾದ ದಿನ ತಂಗಿಗೆ ಹೇಳಿ ಐದು ಸಲ ಫೋನ್ ಮಾಡಿಸಿಕೊಂಡೆ.

ಫೋನ್ ಬಳಸಲು ಬಂತು. ಆದರೆ ನನಗೆ ಬೇಕಾಗಿದ್ದದ್ದು ಕಂಪ್ಯೂಟರ್. ಪತ್ರ ಬರೆಯುವ ಕೆಲಸ ಅಲ್ಲಿದೆ.

ನನಗೆ ಕಲಿಸಿದವನು ಒಬ್ಬ ಹುಡುಗ. ಹುಟ್ಟಿನಿಂದ ಕಣ್ಣು ಕಾಣದವನು, ಈಗ ಬ್ಯಾಂಕ್ ನೌಕರಿಯಲ್ಲಿದ್ದಾನೆ. ಮಗಳ ಲೆಕ್ಚರರ್ ಮೂಲಕ ಪರಿಚಯ ಆಯಿತು. ಶನಿವಾರ ಮಧ್ಯಾಹ್ನ ಬಸ್ಸಿಳಿದು, ಬಿಳಿ ಕೋಲು ಹಿಡಿದು, ದಾರಿ ಕೇಳಿಕೊಂಡು ಒಬ್ಬನೇ ಮನೆಗೆ ಬಂದ. ನಾನಾಗ ಬಚ್ಚಲಿಗೂ ಗೋಡೆ ಹಿಡಿದು ಹೋಗುತ್ತಿದ್ದೆ.

ನನ್ನ ಲ್ಯಾಪ್‌ಟಾಪ್‌ಗೆ ಅವನು ಎನ್‌ವಿಡಿಎ ಹಾಕಿದ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದು. ಆಸ್ಟ್ರೇಲಿಯಾದ ಮೈಕಲ್ ಕರನ್ ಅನ್ನುವವರು 2006ರಲ್ಲಿ ಶುರು ಮಾಡಿದ್ದು. ಅವರಿಗೂ ಕಣ್ಣು ಕಾಣುವುದಿಲ್ಲ. ಇಂಥ ತಂತ್ರಾಂಶಕ್ಕೆ ಕಣ್ಣಿಲ್ಲದವರು ಸಾವಿರಾರು ರೂಪಾಯಿ ಏಕೆ ಕೊಡಬೇಕು ಅಂತ ಉಚಿತವಾಗಿ ಬಿಟ್ಟರು. ಅದರ ಜೊತೆಗೇ ಇ-ಸ್ಪೀಕ್ ಎಂಬ ಧ್ವನಿ ಬರುತ್ತದೆ, ಅದಕ್ಕೆ ಕನ್ನಡ ಗೊತ್ತು. ಫೋನಿನ ಧ್ವನಿಯ ಹಾಗೆ ಮನುಷ್ಯರ ದನಿಯಲ್ಲ. ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಬೇರೆ ಧ್ವನಿ ಇಲ್ಲವಾ ಅಂತ ಕೇಳಿದೆ.

"ಸರ್, ಹದಿನೈದು ದಿನ ಇದನ್ನೇ ಕೇಳಿ. ಮನುಷ್ಯರು ಓದಿದ್ದನ್ನ ಸ್ಪೀಡ್ ಮಾಡಿದರೆ ಮಾತು ಮಾತಿಗೆ ಅಂಟಿಕೊಳ್ಳುತ್ತೆ. ಇದು ಅಂಟಲ್ಲ," ಅಂದ. ಅವನ ಯಂತ್ರದಲ್ಲಿ ಓದಿಸಿ ತೋರಿಸಿದ. ಕಡಲೆ ಹುರಿದ ಸದ್ದಿನ ಹಾಗಿತ್ತು. ಒಂದು ಮಾತೂ ನನಗೆ ತಿಳಿಯಲಿಲ್ಲ. ಅವನು ಮಾತ್ರ ಅದನ್ನು ಕೇಳುತ್ತಲೇ ನನ್ನ ಜೊತೆ ಮಾತಾಡುತ್ತಿದ್ದ.

ಅವತ್ತು ಅವನು ಹೇಳಿದ ಇನ್ನೊಂದು ಮಾತು ನನಗೆ ದಾರಿ ತೋರಿಸಿತು. ನಾನು ಪದೇ ಪದೇ ಪೇಜಿನ ಮೇಲೆ ಎಲ್ಲಿದೆ, ಕೆಳಗೆ ಎಲ್ಲಿದೆ ಅಂತ ಕೇಳುತ್ತಿದ್ದೆ. "ಸರ್, ನೀವು ಇನ್ನೂ ಪೇಜ್ ನೋಡೋಕೆ ಹೋಗ್ತಿದೀರ. ಇಲ್ಲಿ ಪೇಜ್ ಇಲ್ಲ. ಒಂದು ಸಾಲು ಇದೆ. ಆಮೇಲೆ ಇನ್ನೊಂದು ಸಾಲು ಇದೆ." ಬಾಣದ ಕೀಲಿ ಕೆಳಕ್ಕೆ ಒತ್ತಿದರೆ ಮುಂದಿನ ಸಾಲು. ಬಲಕ್ಕೆ ಒತ್ತಿದರೆ ಒಂದು ಅಕ್ಷರ. ಕಂಟ್ರೋಲ್ ಜೊತೆ ಬಲಕ್ಕೆ ಒತ್ತಿದರೆ ಒಂದು ಪದ. ಬರೀ ಕಂಟ್ರೋಲ್ ಒತ್ತಿದರೆ ಮಾತು ನಿಲ್ಲುತ್ತದೆ.

ಬೆರಳುಗಳಿಗೆ ಕಲಿಸುವುದು ಜಾಸ್ತಿ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಕೋಲಾರದ ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಕೀಲಿ ನೋಡದೆ ಹೊಡೆಯುವುದನ್ನು ಕಲಿತವನು ನಾನು. ಆಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನುಡಿ ತಂತ್ರಾಂಶದ ಕೀಲಿಮಣೆ ಅಭ್ಯಾಸವಾಯಿತು. ಅದರಲ್ಲಿ ಒತ್ತಕ್ಷರ ಬೇಕಾದರೆ ಎಫ್ ಒತ್ತಬೇಕು. ಎಲ್ಲ ಕೀಬೋರ್ಡಿನಲ್ಲೂ ಎಫ್ ಮತ್ತು ಜೆ ಮೇಲೆ ಸಣ್ಣ ಗೆರೆಯಂಥ ಉಬ್ಬು ಇರುತ್ತದಲ್ವಾ? ಇಷ್ಟು ವರ್ಷ ಅದನ್ನು ಗಮನಿಸಿರಲೇ ಇಲ್ಲ. ಈಗ ಎಡಗೈ ತೋರುಬೆರಳು ಹೋಗಿ ಆ ಉಬ್ಬಿನ ಮೇಲೆ ಕೂತರೆ ಉಳಿದ ಬೆರಳುಗಳಿಗೆಲ್ಲ ಅವುಗಳ ಜಾಗ ಗೊತ್ತಾಗುತ್ತದೆ. ಕನ್ನಡದ ಒತ್ತು ಅದೇ ಕೀಲಿಯಲ್ಲಿದೆ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹದಿನೆಂಟು ವರ್ಷದ ಪತ್ರಗಳಿದ್ದವು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಅಡಮಾನ ಪತ್ರ, ಒಂದೊಂದಕ್ಕೂ ನಾನೇ ತಿದ್ದಿ ತೀಡಿ ಮಾಡಿಕೊಂಡ ನಮೂನೆಗಳು. ಅದೇ ನನ್ನ ಬಂಡವಾಳ. ಒಂದು ಕ್ರಯಪತ್ರ ತೆರೆದು ಓದಿಸಿದೆ. ಯಂತ್ರ ತೊದಲಿತು. ಯಾವ ಭಾಷೆಯೂ ಅಲ್ಲದ ಸದ್ದು. ಧ್ವನಿ ಕೆಟ್ಟಿದೆ ಅಂದುಕೊಂಡೆ. ಹುಡುಗ ಒಂದೊಂದೇ ಅಕ್ಷರ ಕೇಳಿಸಿಕೊಳ್ಳಿ ಅಂದ. "ಕನ್ನಡ" ಅನ್ನುವ ಪದದ ಮೇಲೆ ನಿಂತು ಬಾಣದ ಕೀಲಿ ಒತ್ತಿದೆ. ಪಿ. ಎ ಗ್ರೇವ್. ಪೌಂಡ್. ಎ ಗ್ರೇವ್. ಹೀಗೇ ಹೋಯಿತು.

ಆಮೇಲೆ ವಿಷಯ ತಿಳಿಸಿದ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದದ್ದು ಕಡತದೊಳಗೆ ಕನ್ನಡ ಆಗಿರುವುದಿಲ್ಲ. ಒಳಗಿರುವುದು ಇಂಗ್ಲಿಷಿನ ಮತ್ತು ಯೂರೋಪಿನ ಅಕ್ಷರಗಳು. ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸಿರುತ್ತಾರೆ. ಕಣ್ಣಿಗೆ ಚಿತ್ರ ಕಾಣುತ್ತದೆ, "ಕನ್ನಡ" ಅಂತ ಓದಿಕೊಳ್ಳುತ್ತೇವೆ. ಯಂತ್ರ ಚಿತ್ರ ನೋಡುವುದಿಲ್ಲ, ಒಳಗೆ ಏನಿದೆಯೋ ಅದನ್ನು ಹೇಳುತ್ತದೆ. ಯೂನಿಕೋಡ್ ಅಂದರೆ ಒಂದೊಂದು ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟ ಪಟ್ಟಿ. ಅದರಲ್ಲಿ ಬರೆದರೆ ಒಳಗೂ ಕನ್ನಡವೇ ಇರುತ್ತದೆ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಕನ್ನಡಕ್ಕೆ ಅದರಲ್ಲೇ ಜಾಗ ಇತ್ತು. ನಾನು ಕಂಪ್ಯೂಟರ್ ಮುಟ್ಟುವುದಕ್ಕೂ ಮುಂಚಿನ ಮಾತು ಅದು. ಅಂದರೆ ಹದಿನೆಂಟು ವರ್ಷ ನಾನು ಬರೆದ ಒಂದು ಸಾಲನ್ನೂ ಕಣ್ಣಿಲ್ಲದ ಒಬ್ಬ ಮನುಷ್ಯ ಓದಲು ಆಗುತ್ತಿರಲಿಲ್ಲ. ನನಗೆ ಅದು ಗೊತ್ತೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಹಳೆಯದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಮಗಳೂ ನಾನೂ ಕೂತು ನಮೂನೆಗಳನ್ನು ಒಂದೊಂದಾಗಿ ಬದಲಾಯಿಸಿದೆವು. ಯಾವ ಕಡತ ಯಾವ ಫಾಂಟಿನಲ್ಲಿದೆ ಅಂತ ತಿಳಿಯಲು ಇನ್ಸರ್ಟ್ ಜೊತೆ ಎಫ್ ಒತ್ತುತ್ತಿದ್ದೆ. "ನುಡಿ 01 ಇ" ಅಂದರೆ ಬದಲಾಯಿಸಬೇಕಾದ್ದು ಅಂತ ಅರ್ಥ. ಬದಲಾಯಿಸಿದ ಮೊದಲ ಕ್ರಯಪತ್ರವನ್ನು ಓದಿಸಿದಾಗ ತಗಡಿನ ದನಿಯಲ್ಲಿ ನನ್ನದೇ ವಾಕ್ಯಗಳು ಕೇಳಿಸಿದವು. "ಮುಳಬಾಗಿಲು ತಾಲ್ಲೂಕು" ಅಂದಾಗ ಎದೆ ತುಂಬಿ ಬಂತು.

ಸ್ವಲ್ಪ ಮುಂದೆ ಹೋದಾಗ "ಪೂವರ್ಕ್ಕೆ" ಅಂತು. ನಿಲ್ಲಿಸಿದೆ. ಮತ್ತೆ ಓದಿಸಿದೆ. ಪೂವರ್ಕ್ಕೆ. ಅದು "ಪೂರ್ವಕ್ಕೆ" ಆಗಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಕೂರುತ್ತದೆ, ನಾವು ಉಚ್ಚರಿಸುವುದು ಅದಕ್ಕಿಂತ ಮೊದಲು. ನಾವು ಹಿಡಿದ ಪರಿವರ್ತಕಕ್ಕೆ ಆ ಜಾಗ ತಪ್ಪಿತ್ತು. ವರ್ಷ ಹೋಗಿ "ವಷರ್" ಆಗಿತ್ತು. ಕಾರ್ಯ ಹೋಗಿ "ಕಾಯರ್" ಆಗಿತ್ತು. ಕಣ್ಣಿದ್ದವರು ಇಂಥದ್ದನ್ನು ಸರಾಗವಾಗಿ ದಾಟಿ ಹೋಗಬಹುದು, ಕಣ್ಣು ತನಗೆ ತಾನೇ ತಿದ್ದಿಕೊಂಡು ಓದುತ್ತದೆ. ಕಿವಿ ಹಾಗೆ ಬಿಡುವುದಿಲ್ಲ, ಕಾಲಿಗೆ ಮುಳ್ಳು ಚುಚ್ಚಿದ ಹಾಗೆ ಅಲ್ಲೇ ನಿಲ್ಲಿಸುತ್ತದೆ. ನಮೂನೆಗಳನ್ನು ಪೂರ್ತಿ ಸರಿಮಾಡಲು ಎರಡೂವರೆ ತಿಂಗಳು ಹಿಡಿಯಿತು.

ಪತ್ರ ಬರೆಯುವವನಿಗೆ ಅಂಕಿಯೇ ಪ್ರಾಣ. ಅಲ್ಲೇ ನಾನು ಮುಗ್ಗರಿಸಿದ್ದವನು, ಹಾಗಾಗಿ ಜಾಸ್ತಿ ಸಮಯ ಕೊಟ್ಟದ್ದೂ ಅಲ್ಲೇ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು ನಾವು 1-20 ಅಂತ ಬರೆಯುತ್ತೇವೆ. ಯಂತ್ರ ನಡುವಿನ ಗೆರೆ ಹೇಳದೆ "ಒಂದು ಇಪ್ಪತ್ತು" ಅಂತಿತ್ತು. ಚಿಹ್ನೆಗಳನ್ನು ಎಷ್ಟು ಹೇಳಬೇಕು ಅಂತ ಇನ್ಸರ್ಟ್ ಜೊತೆ ಪಿ ಒತ್ತಿ ಬದಲಾಯಿಸಬಹುದು. ಪತ್ರ ಓದಿಸುವಾಗ ಎಲ್ಲ ಚಿಹ್ನೆ ಹೇಳುವ ಹಾಗೆ ಇಟ್ಟುಕೊಳ್ಳುತ್ತೇನೆ, ಪೇಪರ್ ಓದಿಸುವಾಗ ಕಡಿಮೆ ಮಾಡುತ್ತೇನೆ. "ಗುಂ." ಅಂತ ಇದ್ದರೆ ಗುಂಟೆ ಅನ್ನು ಅಂತ ಅದರ ಉಚ್ಚಾರದ ಪಟ್ಟಿಗೆ ಸೇರಿಸಿದೆ. ಆಧಾರ್ ಸಂಖ್ಯೆಯನ್ನು ಮಾತ್ರ ಒಂದೇ ಉಸಿರಿಗೆ ಕೇಳುವುದಿಲ್ಲ. ಹನ್ನೆರಡು ಅಂಕಿ, ಹನ್ನೆರಡು ಸಲ ಬಾಣದ ಕೀಲಿ. ಸರ್ವೆ ನಂಬರೂ ಹಾಗೇ. ಒಂದು, ಒಂದು, ಎಂಟು. ಮೂರು ಮತ್ತು ಎಂಟು ನೋಡುವುದಕ್ಕೆ ಹತ್ತಿರ, ಕೇಳುವುದಕ್ಕೆ ಅಲ್ಲ.

ಆಗದ ಕೆಲಸಗಳನ್ನೂ ಹೇಳಬೇಕು. ಕೈಬರಹದ ಹಳೆಯ ಪತ್ರಗಳನ್ನು ಯಂತ್ರ ಓದುವುದಿಲ್ಲ. ನಮ್ಮ ಕಡೆ ಎಪ್ಪತ್ತರ ದಶಕದ ವಿಭಾಗಪತ್ರ ತಂದು ಮುಂದಿಡುತ್ತಾರೆ, ಮಡಿಕೆಯಲ್ಲಿ ಹರಿದಿರುತ್ತದೆ, ಇಂಕು ಹರಡಿರುತ್ತದೆ. ಅದಕ್ಕೆ ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇನೆ, ಅವನು ಓದಿ ಹೇಳುತ್ತಾನೆ. ಅಚ್ಚಾದ ಹಾಳೆಯಾದರೆ ಫೋನಿನಲ್ಲಿ ಫೋಟೊ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಪಹಣಿಯಂಥ ಕೋಷ್ಟಕದಲ್ಲಿ ಒಂದು ಕಾಲಂ ಇನ್ನೊಂದಕ್ಕೆ ಬೆರೆತುಹೋಗುತ್ತದೆ. ಜಮೀನಿನ ಭಾಗ ಮಾರುವಾಗ ಬೇಕಾಗುವ 11ಇ ಸರ್ವೆ ನಕ್ಷೆ ಬರೀ ಚಿತ್ರ, ಅದರಲ್ಲಿ ಗೆರೆ ಎಲ್ಲಿ ಹೋಗಿದೆ ಅಂತ ಹುಡುಗ ನನ್ನ ಅಂಗೈ ಮೇಲೆ ಬೆರಳಲ್ಲಿ ಎಳೆದು ತೋರಿಸುತ್ತಾನೆ. ಪ್ರಿಂಟ್ ಆದ ಮೇಲೆ ಹಾಳೆ ಸರಿ ಬಂದಿದೆಯಾ ಅಂತ ನೋಡುವವನೂ ಅವನೇ.

ಮನಸ್ಸಿಗೆ ಬೇಜಾರಾಗುವುದು ಇದಕ್ಕಲ್ಲ. ಒಂದು ಕಚೇರಿಯಿಂದ ಸುತ್ತೋಲೆ ಬಂತು ಅಂತ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಕಂಪ್ಯೂಟರಿನಲ್ಲೇ ಟೈಪ್ ಮಾಡಿದ ಪತ್ರ. ಅದನ್ನು ಪ್ರಿಂಟ್ ತೆಗೆದು, ಸಹಿ ಮಾಡಿ, ಓರೆಯಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿರುತ್ತಾರೆ. ತೆರೆದರೆ ಯಂತ್ರ ಬರೀ ಚಿತ್ರ ಅನ್ನುತ್ತದೆ. ಅಕ್ಷರವಾಗಿ ಹುಟ್ಟಿದ್ದನ್ನು ಚಿತ್ರ ಮಾಡಿ ಕಳಿಸಿದರೆ ನಾನು ಏನು ಮಾಡಲಿ? ಮೂಲ ಕಡತವನ್ನೂ ಜೊತೆಗೆ ಕಳಿಸಿ ಅಂತ ಕೇಳುತ್ತಲೇ ಇರುತ್ತೇನೆ. ಇಬ್ಬರು ಮೂವರು ಈಗ ಕಳಿಸುತ್ತಿದ್ದಾರೆ. ಹಾಗೆಯೇ ಒಂದು ಬ್ಯಾಂಕಿನ ಆ್ಯಪ್‌ನಲ್ಲಿ ಕೆವೈಸಿ ಮಾಡಲು ಹೋದೆ. ಮುಖವನ್ನು ಪರದೆಯ ವೃತ್ತದೊಳಗೆ ಇಟ್ಟು ಕಣ್ಣು ಮಿಟುಕಿಸಿ ಅಂತು. ವೃತ್ತ ಎಲ್ಲಿದೆ ಅಂತ ಹೇಳಲಿಲ್ಲ. ಮೂರು ಸಲ ಸಮಯ ಮುಗಿಯಿತು. ಇದೇ ತೊಂದರೆಯನ್ನು ಆಸಿಡ್ ದಾಳಿಗೆ ಒಳಗಾದವರು ಮತ್ತು ಕಣ್ಣು ಕಾಣದ ಒಬ್ಬರು ಸುಪ್ರೀಂ ಕೋರ್ಟಿಗೆ ತೆಗೆದುಕೊಂಡು ಹೋಗಿದ್ದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆಗಳು ಎಲ್ಲರ ಕೈಗೆ ಎಟುಕಬೇಕು, ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು, ಕೆವೈಸಿಯನ್ನು ನಮ್ಮಂಥವರಿಗೂ ಆಗುವ ಹಾಗೆ ಮಾಡಿ ಅಂತ ಆದೇಶ ಕೊಟ್ಟಿತು. ಆ ಸುದ್ದಿಯನ್ನು ಫೋನಿನಲ್ಲಿ ಎರಡು ಸಲ ಓದಿಸಿ ಕೇಳಿದೆ.

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ನನ್ನ ಕೋಣೆಯ ಬಾಗಿಲನ್ನು ಒಂದು ಸೋಮವಾರ ಮತ್ತೆ ತೆಗೆದೆ. ಮೊದಲ ತಿಂಗಳು ಹಳೇ ಗಿರಾಕಿಗಳು ಬಂದು ಮಾತಾಡಿಸಿ ಹೋಗುತ್ತಿದ್ದರು. "ಏಮಿ ಸ್ವಾಮಿ, ಬಾಗುನ್ನಾರಾ" ಅಂತ, ಚೆನ್ನಾಗಿದ್ದೀರಾ ಅಂತ, ತೆಲುಗಿನಲ್ಲಿ ಕೇಳುವರು, ಪಕ್ಕದವರ ಹತ್ತಿರ ಪತ್ರ ಬರೆಸುವರು. ಅವರನ್ನು ದೂರುವುದಿಲ್ಲ. ಜಮೀನಿನ ವಿಷಯ ಅದು. ಕೆಲಸ ನಿಧಾನವಾಗಿ ಬಂತು.

ಪತ್ರದ ಕೊನೆಯಲ್ಲಿ ನಾವು ಬರೆಯುವ ಒಂದು ಮಾತಿದೆ. ಈ ಪತ್ರವನ್ನು ಓದಿಸಿ ಕೇಳಿ, ಸರಿಯಾಗಿದೆಯೆಂದು ಒಪ್ಪಿ ಸಹಿ ಮಾಡಿರುತ್ತೇನೆ ಅಂತ. ಕೆಳಗೆ ಬಿಕ್ಕಲಂ ಅಂತ ಬರೆದು ಬರೆದವನ ಹೆಸರು. ಓದು ಬಾರದವರು ಹೆಬ್ಬೆಟ್ಟು ಒತ್ತುವ ಮೊದಲು ನಾನೇ ಓದಿ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಗಡಿಬಿಡಿಯಲ್ಲಿ ಓದುತ್ತಿದ್ದೆ. ಹೊರಗೆ ಇನ್ನೊಬ್ಬರು ಕಾಯುತ್ತಿರುತ್ತಿದ್ದರು. ಅವರು ತಲೆಯಾಡಿಸುವರು, ನಾನು ಮುಂದಕ್ಕೆ ಹೋಗುವೆ. ಈಗ ನನಗೂ ಓದಲು ಬರುವುದಿಲ್ಲ, ಅವರಿಗೂ ಬರುವುದಿಲ್ಲ. ಇಬ್ಬರೂ ಕೇಳಲೇಬೇಕು. ಸ್ಪೀಕರ್ ಜೋರು ಮಾಡಿ, ಸ್ಪೀಡ್ ಇಳಿಸಿ, ಸಾಲು ಸಾಲಾಗಿ ನಿಲ್ಲಿಸಿ ಓದಿಸುತ್ತೇನೆ. ನಾನು ಕೆಳಗಿನ ಬಾಣದ ಕೀಲಿ ಒತ್ತುವವರೆಗೆ ಯಂತ್ರ ಮುಂದಿನ ಸಾಲಿಗೆ ಹೋಗುವುದಿಲ್ಲ.

ಹೋದ ವರ್ಷ ಆವನಿ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದರು. ಮಗಳಿಗೆ ಹದಿನಾಲ್ಕು ಗುಂಟೆ ದಾನ ಕೊಡಬೇಕು. ಮಗ ತಂದುಕೊಟ್ಟ ಹಳೆಯ ಪತ್ರದ ಪ್ರಕಾರ ದಾನಪತ್ರ ಸಿದ್ಧವಾಗಿತ್ತು. ಓದಿಸುತ್ತಾ ಚೆಕ್ಕುಬಂದಿಗೆ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗೆ, ಬಂದೆ. ಪೂರ್ವಕ್ಕೆ ಇಂಥವರ ಜಮೀನು. ಪಶ್ಚಿಮಕ್ಕೆ ಇಂಥವರದ್ದು. ಉತ್ತರಕ್ಕೆ ಅಂತ ಓದುತ್ತಿದ್ದ ಹಾಗೆ ಅಜ್ಜಿ ನನ್ನ ಮೊಣಕೈ ಹಿಡಿದರು.

"ನಿಲ್ಸು ಸ್ವಾಮಿ. ಅದೇನಂತು ಇನ್ನೊಂದಪ ಅನ್ನಿಸು."

ಮೇಲಿನ ಬಾಣ, ಕೆಳಗಿನ ಬಾಣ. ಉತ್ತರಕ್ಕೆ ಅವರ ಮೈದುನನ ಜಮೀನು ಅಂತ ಮತ್ತೆ ಹೇಳಿತು.

"ಇಲ್ಲ. ಮಧ್ಯೆ ಬಂಡಿ ಓಣಿ ಐತೆ. ಓಣಿ ಬಿಟ್ಟರೆ ಇವಳು ಹೊಲಕ್ಕೆ ಎತ್ಲಾಗಿಂದ ಹೋಗ್ಬೇಕು?"

ಅವರ ಚೀಲದಲ್ಲಿ ಇನ್ನೊಂದು ಕಾಗದ ಇತ್ತು, ಅವರ ಮಾವನ ಕಾಲದ ವಿಭಾಗಪತ್ರ. ಹುಡುಗ ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ. "ಉತ್ತರಕ್ಕೆ ಬಂಡಿ ಓಣಿ" ಅಂತಿತ್ತು. ಆಮೇಲಿನ ಪತ್ರದಲ್ಲಿ ಯಾರೋ ಬರೆಯುವಾಗ ಓಣಿ ಬಿಟ್ಟಿದ್ದರು. ಅದನ್ನು ನಾನು ಹಾಗೇ ಎತ್ತಿ ಬರೆದಿದ್ದೆ.

ಎಡಗೈ ಬೆರಳನ್ನು ಉಬ್ಬಿನ ಮೇಲಿಟ್ಟು ಆ ಸಾಲು ತಿದ್ದಿದೆ. ಮೊದಲಿಂದ ಪೂರ್ತಿ ಪತ್ರ ಮತ್ತೆ ಓದಿಸಿದೆ. ಅಜ್ಜಿ ಈ ಸಲ ಲ್ಯಾಪ್‌ಟಾಪ್ ಹತ್ತಿರಕ್ಕೆ ಬಗ್ಗಿ ಕೂತರು, ಅವರ ಎಲೆಯಡಿಕೆಯ ವಾಸನೆ ನನ್ನ ಮುಖಕ್ಕೇ ಬರುತ್ತಿತ್ತು. ಓಣಿಯ ಸಾಲು ಬಂದಾಗ "ಹೂಂ" ಅಂದರು. ಕೊನೆಯವರೆಗೂ ಪ್ರತಿ ಸಾಲಿಗೂ "ಹೂಂ" ಅನ್ನುತ್ತಲೇ ಇದ್ದರು. ಅವರು "ಹೂಂ" ಅಂದ ಮೇಲೆಯೇ ನಾನು ಕೆಳಗಿನ ಬಾಣ ಒತ್ತಿದೆ.